ಮನೆ ಹತ್ತಿರದ ನಡಿಗೆ, ಸೈಕಲ್ ದಾರಿ ಹುಡುಕೋದು ಹೇಗೆ?

ದಿನಾ ನಡೆಯೋಕೆ, ವಾರಕ್ಕೊಮ್ಮೆ ಸೈಕಲ್ ತುಳಿಯೋಕೆ ವಾಹನಗಳ ಕಾಟ ಇಲ್ಲದ ದಾರಿ ಬೇಕು. ಗೂಗಲ್ ಮ್ಯಾಪ್‌ನಲ್ಲಿ ಪಾರ್ಕ್ ಬಿಟ್ಟರೆ ಏನೂ ಕಾಣುತ್ತಿಲ್ಲ. ಹತ್ತು ಕಿ.ಮೀ. ಒಳಗೆ ಏನಿದೆ ಅಂತ ತಿಳಿಯೋದು ಹೇಗೆ? ಬಲ್ಲವರು ಹೇಳಿ.

—

ಓಪನ್‌ಸ್ಟ್ರೀಟ್‌ಮ್ಯಾಪ್ ಜಾಲತಾಣ ತೆರೆಯಿರಿ, ಜನರೇ ಸೇರಿ ತುಂಬುವ ಉಚಿತ ನಕ್ಷೆ ಅದು. ಕಾಲುದಾರಿ ಕೆಂಪು ಚುಕ್ಕಿ, ಸೈಕಲ್ ದಾರಿ ನೀಲಿ ಚುಕ್ಕಿ, ಗಾಡಿಜಾಡು ಕಂದು ಗೀಟು. ಬಲಗಡೆಯ ಲೇಯರ್ ಪಟ್ಟಿಯಲ್ಲಿ ಸೈಕ್ಲೋಎಸ್ಎಂ ಆರಿಸಿದರೆ ಸೈಕಲ್ಲಿಗೆ ಬೇಕಾದ್ದೆಲ್ಲ ಎದ್ದು ಕಾಣುತ್ತದೆ. ಆಮೇಲೆ ಪ್ರಶ್ನೆ ಚಿಹ್ನೆಯ ಗುಂಡಿ ಒತ್ತಿ, ಗೆರೆ ಮೇಲೆ ಕ್ಲಿಕ್ ಮಾಡಿ. ‘ಸರ್ಫೇಸ್’, ‘ಟ್ರ್ಯಾಕ್‌ಟೈಪ್’, ‘ಆ್ಯಕ್ಸೆಸ್’ (ನೆಲ ಎಂಥದ್ದು, ಜಾಡು ಎಷ್ಟು ಗಟ್ಟಿ, ಯಾರಿಗೆ ಪ್ರವೇಶ) ಈ ಮೂರನ್ನು ಓದಿ. ಟ್ರ್ಯಾಕ್‌ಟೈಪ್ ಗ್ರೇಡ್ 1 ಅಂದರೆ ಗಟ್ಟಿ ನೆಲ, ಗ್ರೇಡ್ 5 ಅಂದರೆ ಬರೀ ಮೆತ್ತನೆ ಮಣ್ಣು. ಆ್ಯಕ್ಸೆಸ್ ‘ಪ್ರೈವೇಟ್’ ಅಂತಿದ್ದರೆ ಆ ಗೆರೆ ಮರೆತುಬಿಡಿ. ಏನೂ ಬರೆದಿಲ್ಲ ಅಂದರೆ ದಾರಿ ಚೆನ್ನಾಗಿದೆ ಅಂತಲ್ಲ, ಯಾರೂ ಬರೆದಿಲ್ಲ ಅಂತ ಅಷ್ಟೆ.

—

ಅದರ ಜೊತೆಗೆ ಸ್ಟ್ರಾವಾ ಹೀಟ್‌ಮ್ಯಾಪ್ ಇಟ್ಟು ನೋಡಿ: ಸ್ಟ್ರಾವಾ ಆ್ಯಪ್ ಹಾಕಿಕೊಂಡವರು ಹೆಚ್ಚು ಓಡಾಡಿದ ದಾರಿ ಅದರಲ್ಲಿ ಹೆಚ್ಚು ಹೊಳೆಯುತ್ತದೆ. ನಡೆಯುವವರದು, ಸೈಕಲ್‌ನವರದು ಬೇರೆ ಬೇರೆ ತೆರೆಯಬಹುದು. ನಡಿಗೆಯಲ್ಲಿ ಹೊಳೆದು ಸೈಕಲ್ಲಿನಲ್ಲಿ ಕತ್ತಲಾದ ಗೆರೆ ಸಿಕ್ಕರೆ ಅಲ್ಲಿ ಮೆಟ್ಟಿಲೋ, ಮರಳೋ, ಸೈಕಲ್ ತೂರದ ಗೇಟೋ ಇರುವ ಸಾಧ್ಯತೆ ಹೆಚ್ಚು. ಆದರೆ ಇದು ಆ ಆ್ಯಪ್ ಬಳಸುವವರ ಜಾಡು ಮಾತ್ರ. ಬಳಕೆದಾರರೇ ಕಡಿಮೆ ಇರುವ ಕಡೆ ಕತ್ತಲೆಗೆ ಅರ್ಥವಿಲ್ಲ.

—

ಗೆರೆ ಹುಡುಕುವ ಮೊದಲು ನೀರು ಮತ್ತು ಹಳಿ ಹುಡುಕಿ ಅಂತ ನಾನು ಹೇಳೋದು. ರೈಲಿಗೆ ಏರು ಹತ್ತೋದು ಕಷ್ಟ, ಅದಕ್ಕೇ ಹಳೆ ಹಳಿದಾರಿಯ ಇಳಿಜಾರು ಸಾಮಾನ್ಯವಾಗಿ ಶೇ. 2–3 ದಾಟಲ್ಲ. ಹಳಿ ಕಿತ್ತ ಮೇಲೂ ಉಪಗ್ರಹ ಚಿತ್ರದಲ್ಲಿ ಹೊಲಗಳನ್ನು ಸೀಳಿಕೊಂಡು ಹೋಗುವ ನೀಳ, ನಿಧಾನ ತಿರುವಿನ ಮರಗಳ ಸಾಲು ಕಾಣುತ್ತದೆ. ಕೆಡುವುದು ಎಲ್ಲಿ ಅಂದರೆ ಸೇತುವೆಯಲ್ಲಿ: ಕಬ್ಬಿಣ ಬಿಚ್ಚಿಕೊಂಡು ಹೋಗಿರುತ್ತಾರೆ, ದಾರಿ ಹೊಳೆ ದಂಡೆಯಲ್ಲಿ ನಿಲ್ಲುತ್ತದೆ.

ಕಾಲುವೆ ಏರಿ ಇನ್ನೂ ಸಮತಟ್ಟು, ನೀರು ತಾನಾಗಿ ಹರಿಯಬೇಕಲ್ಲ. ಹಲವು ಕಡೆ ಒಂದೇ ದಡದಲ್ಲಿ ದಾರಿ ಇರುತ್ತದೆ, ದಡ ಬದಲಾಗುವ ಸೇತುವೆಗಳನ್ನು ಮೊದಲೇ ಗುರುತು ಹಾಕಿಕೊಳ್ಳಿ. ನೀರಾವರಿಯವರ ನಿರ್ಬಂಧದ ಫಲಕ ಕಂಡರೆ ವಾಪಸ್ ಬನ್ನಿ. ವಿದ್ಯುತ್ ತಂತಿ ಕೆಳಗಿನ ಜಾಡು ಮಾತ್ರ ನಂಬಬೇಡಿ. ಮ್ಯಾಪಿನಲ್ಲಿ ನೆಟ್ಟಗೆ, ನೆಲದ ಮೇಲೆ ಗುಡ್ಡ ಹತ್ತಿ ಹಳ್ಳಕ್ಕೆ ಇಳಿಯುತ್ತದೆ.

—

ಏರಿನ ಲೆಕ್ಕ: ಸಮೋನ್ನತಿ ಗೆರೆಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ನಡುವಿನ ಎತ್ತರದ ಅಂತರ 10 ಮೀ. ಇದ್ದು, ಪಕ್ಕಪಕ್ಕದ ಎರಡು ಗೆರೆ ದಾರಿಯಗುಂಟ 100 ಮೀ. ದೂರದಲ್ಲಿದ್ದರೆ ಶೇ. 10 ಏರು. ಹೊಸಬರು ಇಳಿದು ತಳ್ಳುವಷ್ಟು. ನಡಿಗೆಗೆ 1892ರ ನೇಸ್ಮಿತ್ ಸೂತ್ರ ಸಾಕು: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀ. ಏರಿಗೆ ಇನ್ನೊಂದು ಗಂಟೆ. ಅದರಲ್ಲಿ ವಿಶ್ರಾಂತಿ ಸೇರಿಲ್ಲ.

—

ಬೇರೆಯವರ ಜಿಪಿಎಕ್ಸ್ ಫೈಲ್ (ದಾರಿಯ ಬಿಂದುಗಳನ್ನು ಬರೆದಿಟ್ಟ ಫೈಲ್) ಇಳಿಸಿದರೆ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ನೋಡಿ. ಪ್ರತಿ ಬಿಂದುವಿಗೂ ಸಮಯ ಇದ್ದರೆ ಬಹುಶಃ ಯಾರೋ ಹೋಗಿ ಬಂದಿದ್ದಾರೆ. ಸಮಯವೇ ಇಲ್ಲದಿದ್ದರೆ ಕೂತಲ್ಲೇ ಎಳೆದ ಗೆರೆಯಾಗಿರಬಹುದು. ಆರ್ಗಾನಿಕ್ ಮ್ಯಾಪ್ಸ್ ಅಥವಾ ಓಸ್ಮ್ಆ್ಯಂಡ್‌ನಲ್ಲಿ ಆ ಭಾಗದ ನಕ್ಷೆ ಮನೆಯಲ್ಲೇ ಇಳಿಸಿಕೊಳ್ಳಿ, ಈ ಆ್ಯಪ್‌ಗಳು ನೆಟ್ ಇಲ್ಲದೆಯೂ ನಡೆಯುತ್ತವೆ.

ಮೊದಲ ಸಲ ಸುತ್ತು ಹಾಕುವ ದಾರಿ ಬೇಡ, ಹೋದ ದಾರಿಯಲ್ಲೇ ಬನ್ನಿ. ಸುತ್ತಿನ ದಾರಿ ಮುಕ್ಕಾಲು ಭಾಗದಲ್ಲಿ ಕಟ್ಟಾದರೆ ಬಂದಷ್ಟೂ ದೂರ ಮತ್ತೆ ತುಳಿಯಬೇಕು. ಡಾಂಬರಿಗೆ 28 ಮಿ.ಮೀ. ಟೈರ್ ನಡೆಯುತ್ತದೆ, ಜಲ್ಲಿ ಮಣ್ಣಿಗೆ 35–40 ಬೇಕು. ಮಳೆ ಬಂದ ಮಾರನೆ ದಿನ ಜೇಡಿಮಣ್ಣಿನ ದಾರಿಗೆ ಇಳಿಯಲೇಬೇಡಿ. ಮಡ್‌ಗಾರ್ಡಿನೊಳಗೆ ಮಣ್ಣು ಮೆತ್ತಿ ಚಕ್ರವೇ ತಿರುಗಲ್ಲ.

—

ಹೋಗಿಬಂದ ಮೇಲೆ ಸ್ಟ್ರೀಟ್‌ಕಂಪ್ಲೀಟ್ ಆ್ಯಪ್‌ನಲ್ಲಿ ನೆಲ ಎಂಥದ್ದು ಅಂತ ತುಂಬಿಬಿಡಿ, ಓಪನ್‌ಸ್ಟ್ರೀಟ್‌ಮ್ಯಾಪ್‌ಗೇ ಸೇರುತ್ತದೆ.