ಶೋಗ್ರೆನ್ಸ್ ಕಾಯಿಲೆ: ಒಣ ಚರ್ಮದ ತುರಿಕೆಗೆ ಸ್ನಾನ ಹೇಗಿರಬೇಕು?

ಪ್ರಶ್ನೆ (ಉಡುಪಿ):
ಅಮ್ಮನಿಗೆ ಶೋಗ್ರೆನ್ಸ್ ಕಾಯಿಲೆಯಿದೆಯೆಂದು ಕಳೆದ ವರ್ಷ ತಿಳಿಯಿತು. ಕಣ್ಣು, ಬಾಯಿ ಒಣಗುವುದರ ಜೊತೆಗೆ ಈಗ ಮೊಣಕಾಲಿನ ಕೆಳಗಿನ ಚರ್ಮ ಮೀನಿನ ಹುರುಪೆಯಂತೆ ಬಿಳಿಚಿಕೊಂಡು ರಾತ್ರಿಯಿಡೀ ತುರಿಸುತ್ತದೆ. ಇಲ್ಲಿಯ ಸೆಕೆಗೆ ದಿನಕ್ಕೆರಡು ಬಾರಿ ಹಂಡೆಯ ಸುಡುನೀರಿನಲ್ಲಿ ಮೀಯದಿದ್ದರೆ ಅವರಿಗೆ ಸಮಾಧಾನವಿಲ್ಲ. ಸ್ನಾನವನ್ನೇ ಕಡಿಮೆ ಮಾಡಿಸಬೇಕೆ?

ಉತ್ತರ (ಮಂಗಳೂರು):
ನನಗೂ ಇದೇ ಕಾಯಿಲೆಯಿದೆ. ಸ್ನಾನ ಬಿಡಿಸಬೇಡಿ, ನೀರಿನ ಬಿಸಿಯನ್ನು ಇಳಿಸಿ. ದೇಹದ ರೋಗನಿರೋಧಕ ವ್ಯವಸ್ಥೆಯೇ ತೇವ ಒದಗಿಸುವ ಗ್ರಂಥಿಗಳ ಮೇಲೆ ಎರಗುವ ಈ ಕಾಯಿಲೆಯಲ್ಲಿ, ಚರ್ಮದಲ್ಲಿ ಉಳಿದಿರುವ ಅಲ್ಪಸ್ವಲ್ಪ ಜಿಡ್ಡನ್ನೂ ಸುಡುನೀರು ಮತ್ತು ಸಾಬೂನು ತೊಳೆದುಬಿಡುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ 5ರಿಂದ 10 ನಿಮಿಷ ಸಾಕು. ಸಾಬೂನು ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ ಇರಲಿ. ಸಂಜೆಯ ಸ್ನಾನಕ್ಕೆ ಬರೀ ನೀರು. ಬೈರಾಸಿನಿಂದ ಉಜ್ಜದೆ ಮೆಲ್ಲನೆ ಒತ್ತಿ, ಮೈಯ ತೇವ ಪೂರ್ತಿ ಆರುವ ಮೊದಲೇ ಪರಿಮಳವಿಲ್ಲದ ದಪ್ಪ ಕ್ರೀಮನ್ನು ಹಚ್ಚಬೇಕು. ಕೋಣೆಗೆ ಹೋಗುವಷ್ಟರಲ್ಲಿ ಮರೆತುಹೋಗುತ್ತದೆಂದು ನಾನು ಡಬ್ಬಿಯನ್ನು ಬಚ್ಚಲಿನ ಬಾಗಿಲ ಬಳಿಯ ಗೂಡಿನಲ್ಲೇ ಇಟ್ಟಿದ್ದೇನೆ.

ಇನ್ನೊಂದು ಉತ್ತರ (ಕುಂದಾಪುರ):
ಕಡಲೆಹಿಟ್ಟು, ಸೀಗೆಪುಡಿ ಹಚ್ಚಿ ಉಜ್ಜುವುದನ್ನೂ ನಿಲ್ಲಿಸಿ. ಅವು ಸಹಜವಾದವೇ ಆದರೂ ಒಣ ಚರ್ಮದ ಜಿಡ್ಡನ್ನು ಎಳೆಯುತ್ತವೆ. ಅಮ್ಮ ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಳ್ಳುತ್ತಿದ್ದರೆ ಆ ಮಾತ್ರೆಯಿಂದಲೂ ಕೆಲವರಿಗೆ ತುರಿಕೆ ಬರುವುದುಂಟು. ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿ. ಕಾಲಿನಲ್ಲಿ ಒತ್ತಿದರೂ ಮಾಸದ ಕೆನ್ನೀಲಿ ಚುಕ್ಕೆಗಳು ಕಂಡರೆ ಅದು ರಕ್ತನಾಳಗಳ ಉರಿಯೂತವಿರಬಹುದು, ದಯವಿಟ್ಟು ತಡಮಾಡಬೇಡಿ.

ಪ್ರಶ್ನೆ ಕೇಳಿದವರು:
ಚುಕ್ಕೆಗಳಿಲ್ಲ. ಮಾತ್ರೆ ಅದೇ, ನಾಳೆಯೇ ವೈದ್ಯರನ್ನು ಕೇಳುತ್ತೇನೆ. ಇಂದು ಸಂಜೆಯಿಂದಲೇ ಹಂಡೆಯ ನೀರಿಗೆ ತಣ್ಣೀರು ಬೆರೆಸಿಕೊಡುತ್ತೇನೆ.