ಓದುಗರ ಸ್ಪಂದನ: ಸ್ಥಿರಾಸ್ತಿ ವಿಷಯದಲ್ಲಿ ಸ್ನಾತಕೋತ್ತರ ಪದವಿ ಓದಬೇಕೇ?

ಕಳೆದ ಬಾರಿ ಪ್ರಕಟವಾದ ಸಮಸ್ಯೆ: ನಾನು ಇತಿಹಾಸದ ಪದವೀಧರೆ. ವಾಣಿಜ್ಯ ಕಟ್ಟಡಗಳ ನಿರ್ವಹಣೆ ಮಾಡುವ ಸಂಸ್ಥೆಯೊಂದರಲ್ಲಿ ಕಚೇರಿ ಆಡಳಿತ ನೋಡಿಕೊಳ್ಳುತ್ತಿದ್ದೇನೆ. ಸ್ಥಿರಾಸ್ತಿ ಮತ್ತು ರಿಯಲ್ ಎಸ್ಟೇಟ್ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆಯಬೇಕೆಂಬ ಆಸೆಯಿದೆ. ಆದರೆ ಗಣಿತದ ಸಹವಾಸ ಬಿಟ್ಟು ಬಹಳ ಕಾಲವಾಯಿತು. ಆಸ್ತಿ ಮಾರಿಸಲು ಪದವಿ ಏಕೆ ಎಂದು ಮನೆಯವರು ಕೇಳುತ್ತಾರೆ. ಓದುವುದಾದರೆ ಕೆಲಸ ಬಿಟ್ಟು ಪೂರ್ಣಾವಧಿ ಓದಲೇ, ಅಥವಾ ಕೆಲಸದಲ್ಲಿದ್ದುಕೊಂಡೇ ಅರೆಕಾಲಿಕವಾಗಿ ಓದಲೇ?

ಆಸ್ತಿ ಮೌಲ್ಯಮಾಪಕರೊಬ್ಬರ ಉತ್ತರ

ನಿಮ್ಮ ಮನೆಯವರು ಹೇಳುವುದರಲ್ಲಿ ಅರ್ಧ ನಿಜವಿದೆ. ಕೊಳ್ಳುವವರನ್ನೂ ಮಾರುವವರನ್ನೂ ಕೂಡಿಸುವ ಕೆಲಸಕ್ಕೆ ಸ್ನಾತಕೋತ್ತರ ಪದವಿ ಬೇಕಿಲ್ಲ. ಆದರೆ ಈ ಪದವಿ ಹುಟ್ಟಿಕೊಂಡಿದ್ದು ಅದಕ್ಕಾಗಿ ಅಲ್ಲ. ಒಂದು ಆಸ್ತಿಯ ಬೆಲೆ ಎಷ್ಟು, ಅಷ್ಟೇ ಏಕೆ, ಅದನ್ನು ನಂಬಿ ಸಾಲ ಕೊಡಬಹುದೇ ಎಂಬ ಪ್ರಶ್ನೆಗಳಿಗೆ ಲಿಖಿತವಾಗಿ ಉತ್ತರ ಕೊಟ್ಟು, ಕೆಳಗೆ ಸಹಿ ಹಾಕಿ, ನಾಳೆ ಯಾರಾದರೂ ಪ್ರಶ್ನಿಸಿದರೆ ಸಮರ್ಥಿಸಿಕೊಳ್ಳಬೇಕಾದವರಿಗಾಗಿ ಇರುವ ಓದು ಇದು.

ಗಣಿತದ ಬಗ್ಗೆ ಹೇಳುವುದಾದರೆ, ಚಕ್ರಬಡ್ಡಿಯ ಲೆಕ್ಕ ಅರ್ಥವಾಗಿ, ಅದನ್ನೇ ಹಿಂದುಮುಂದಾಗಿಸಿ, ಮುಂದೆಂದೋ ಕೈಸೇರುವ ಹಣಕ್ಕೆ ಇಂದಿನ ಬೆಲೆ ಎಷ್ಟು ಎಂದು ಕಂಡುಕೊಳ್ಳಲು ಬಂದರೆ ಅಡಿಪಾಯ ಸಿಕ್ಕಂತೆಯೇ. ಉಳಿದದ್ದನ್ನು ಎಕ್ಸೆಲ್ ಮಾಡುತ್ತದೆ. ಒಂದು ಕಟ್ಟಡದಿಂದ ವರ್ಷಕ್ಕೆ 100 ನಿವ್ವಳ ಬಾಡಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಹೂಡಿಕೆದಾರರು ಹಾಕಿದ ಹಣಕ್ಕೆ ವರ್ಷಕ್ಕೆ 5% ಪ್ರತಿಫಲ ಸಾಕೆಂದು ಒಪ್ಪಿದರೆ, 100ನ್ನು 5%ರಿಂದ ಭಾಗಿಸಿ, ಅದರ ಬೆಲೆ 2,000. ಅವರೇ 6% ಬೇಕೆಂದರೆ ಬೆಲೆ ಸುಮಾರು 1,667ಕ್ಕೆ ಇಳಿಯುತ್ತದೆ. ಬಾಡಿಗೆ ಇಳಿದಿಲ್ಲ, ಗೋಡೆಯ ಒಂದು ಇಟ್ಟಿಗೆಯೂ ಕದಲಿಲ್ಲ, ಆದರೂ ಬೆಲೆಯಲ್ಲಿ ಆರನೆಯ ಒಂದು ಭಾಗ ಕರಗಿಹೋಯಿತು. ಭಾಗಾಕಾರವನ್ನು ಯಾರಾದರೂ ಮಾಡುತ್ತಾರೆ. ಈ ಕಟ್ಟಡಕ್ಕೆ ಹಿಡಿಯಬೇಕಾದ್ದು 5 ಅಥವಾ 6 ಎಂದು ನಿರ್ಧರಿಸುವುದೇ ವಿದ್ಯೆ. ಅದಕ್ಕೆ ಸುತ್ತಮುತ್ತ ಇತ್ತೀಚೆಗೆ ನಡೆದ ವ್ಯವಹಾರಗಳನ್ನು ಹುಡುಕಬೇಕು, ಬಾಡಿಗೆದಾರನ ಆರ್ಥಿಕ ಶಕ್ತಿಯನ್ನೂ ಗುತ್ತಿಗೆಯಲ್ಲಿ ಉಳಿದಿರುವ ಅವಧಿಯನ್ನೂ ತೂಗಬೇಕು, ಬಂಧುಗಳ ನಡುವಿನ ಅಥವಾ ತುರ್ತಿನ ಮಾರಾಟವಾಗಿದ್ದರೆ ಆ ಬೆಲೆಯನ್ನು ಬದಿಗಿಡಬೇಕು. ಆಕರಗಳಲ್ಲಿ ಯಾವುದು ನಂಬಲರ್ಹ, ಯಾವುದು ಅಲ್ಲ ಎಂದು ಜಾಲಿಸಿ ನೋಡುವ ಅಭ್ಯಾಸ ಇತಿಹಾಸ ಓದಿದ ನಿಮಗೆ ಈಗಾಗಲೇ ಇದೆ. ತರಗತಿಯಲ್ಲಿ ಪಕ್ಕದಲ್ಲಿ ಕೂರುವ ಎಂಜಿನಿಯರ್‌ಗಳಿಗೆ ಅದು ಇಲ್ಲದಿರಬಹುದು.

ಕಟ್ಟಡ ಅಭಿವೃದ್ಧಿ ಕ್ಷೇತ್ರದ ಓದುಗರೊಬ್ಬರ ಉತ್ತರ

ಲೆಕ್ಕ ಸುಲಭ ಎಂಬ ಸಮಾಧಾನವನ್ನು ನಾನು ಇಡಿಯಾಗಿ ಒಪ್ಪುವುದಿಲ್ಲ. ಲೆಕ್ಕ ಸುಲಭವಾಗಿರುವುದರಿಂದಲೇ ಅದು ಮೋಸ ಮಾಡುತ್ತದೆ. ಖಾಲಿ ಜಮೀನಿಗೆ ಎಷ್ಟು ಕೊಡಬಹುದು ಎಂದು ತಿಳಿಯಲು ನಾವು ಶೇಷ ವಿಧಾನ ಬಳಸುತ್ತೇವೆ. ಅಂದರೆ, ಮುಂದೆ ಕಟ್ಟಲಿರುವ ಕಟ್ಟಡದ ಮಾರಾಟ ಮೌಲ್ಯದಿಂದ ನಿರ್ಮಾಣ ವೆಚ್ಚ, ಬಡ್ಡಿ, ಶುಲ್ಕ, ಲಾಭ ಎಲ್ಲವನ್ನೂ ಕಳೆದು ಉಳಿದದ್ದನ್ನು ಜಮೀನಿನ ಬೆಲೆ ಎನ್ನುತ್ತೇವೆ. ಮಾರಾಟ ಮೌಲ್ಯ 100, ವೆಚ್ಚಗಳು 70, ಲಾಭ 15 ಆದರೆ ಜಮೀನಿಗೆ ಉಳಿಯುವುದು 15. ಮಾರುಕಟ್ಟೆ ಬರೀ 5 ಇಳಿದು, ವೆಚ್ಚವೂ ಲಾಭವೂ ಹಾಗೆಯೇ ಇದ್ದರೆ, ಜಮೀನಿನ ಪಾಲು 10ಕ್ಕೆ ಬರುತ್ತದೆ, ಎಂದರೆ ಮೂರನೆಯ ಒಂದು ಭಾಗ ಹೋಯಿತು. ಜಮೀನನ್ನು ಆಗಲೇ 15ಕ್ಕೆ ಕೊಂಡವರ ಗತಿಯನ್ನು ನೀವೇ ಊಹಿಸಿಕೊಳ್ಳಿ.

ಆದ್ದರಿಂದ ಪಠ್ಯಕ್ರಮದ ಪಟ್ಟಿಯಲ್ಲಿ ವಿಷಯಗಳ ಹೆಸರು ನೋಡಿ ಮರುಳಾಗಬೇಡಿ. ಮೌಲ್ಯಮಾಪನ, ಯೋಜನಾ ನಿಯಮ, ನಿರ್ಮಾಣ, ಭೂ ಕಾನೂನು, ಹಣಕಾಸು ಎಂಬ ಐದು ಮಾತುಗಳು ಎಲ್ಲ ಕಡೆಯೂ ಇರುತ್ತವೆ. ವಿದ್ಯಾರ್ಥಿಗಳಿಗೆ ನಿಜವಾದ ಒಂದು ಜಾಗವನ್ನು ತೋರಿಸಿ, ಇಲ್ಲಿ ಏನು ಕಟ್ಟಬಹುದು, ಅಂದಾಜು ತಪ್ಪಿದರೆ ಎಷ್ಟು ನಷ್ಟ ಎಂದು ಅಧ್ಯಾಪಕರ ಎದುರು ವಾದಿಸಲು ಬಿಡುತ್ತಾರೆಯೇ ಎಂಬುದನ್ನು ವಿಚಾರಿಸಿ. ಅದಿಲ್ಲದ ಕೋರ್ಸಿನ ಶುಲ್ಕ ಎಷ್ಟೇ ಕಡಿಮೆಯಿದ್ದರೂ ನನ್ನ ಲೆಕ್ಕದಲ್ಲಿ ದುಬಾರಿ.

ಗುತ್ತಿಗೆ ಪತ್ರಗಳ ವಕೀಲರೊಬ್ಬರ ಉತ್ತರ

ಹೊಸಬರು ಎಡವುವುದು ಕಾನೂನಿನಲ್ಲಿ ಎಂಬುದು ನನ್ನ ಅಭಿಪ್ರಾಯ. ಕಣ್ಣಿಗೆ ಕಾಣುವ ನೆಲ ಬೇರೆ, ಅದರ ಮೇಲಿರುವ ಹಕ್ಕುಗಳ ಕಟ್ಟು ಬೇರೆ. ಮಾಲೀಕತ್ವ ಒಬ್ಬರದು, ಗುತ್ತಿಗೆ ಇನ್ನೊಬ್ಬರದು, ದಾರಿಯ ಹಕ್ಕು ಮತ್ತೊಬ್ಬರದು, ಅಡಮಾನ ಬ್ಯಾಂಕಿನದು ಆಗಿರಬಹುದು. ನೀವು ಕಟ್ಟಡ ನಿರ್ವಹಣೆಯ ಕಚೇರಿಯಲ್ಲಿ ಇರುವುದರಿಂದ, ಪ್ರವೇಶ ಪಡೆಯುವ ಮೊದಲೇ, ಅನುಮತಿ ಕೇಳಿ, ಅಲ್ಲಿನ ಒಂದು ಗುತ್ತಿಗೆ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ. ಚಾವಣಿ ಸೋರಿದರೆ ಖರ್ಚು ಯಾರದು, ಬಾಡಿಗೆ ಪರಿಷ್ಕರಣೆ ಯಾವಾಗ ಮತ್ತು ಯಾವ ಆಧಾರದ ಮೇಲೆ, ಅವಧಿಗೆ ಮುನ್ನ ಬಿಟ್ಟುಹೋಗಲು ಬಾಡಿಗೆದಾರನಿಗೆ ಅವಕಾಶವಿದೆಯೇ, ಇದ್ದರೆ ಎಷ್ಟು ಮುಂಚೆ ನೋಟಿಸ್ ಕೊಡಬೇಕು ಎಂದು ಗುರುತು ಹಾಕಿಕೊಳ್ಳಿ. ಮೌಲ್ಯಮಾಪಕರು 5 ಅಥವಾ 6 ಎಂದು ತಲೆ ಕೆಡಿಸಿಕೊಳ್ಳುವುದು ಬಹುಮಟ್ಟಿಗೆ ಇಂಥ ಸಾಲುಗಳಿಂದಲೇ. ಓದುತ್ತಾ ಬೇಸರ ಬರುವ ಬದಲು ಕುತೂಹಲ ಹೆಚ್ಚಿದರೆ ಈ ಪದವಿ ನಿಮಗೆ ಒಗ್ಗುತ್ತದೆ.

ಇದೇ ಕಾರಣಕ್ಕೆ ನನ್ನ ಮತ ಅರೆಕಾಲಿಕ ಓದಿಗೆ. ಸಂಜೆ ಕಲಿತದ್ದು ಬೆಳಿಗ್ಗೆ ಮೇಜಿನ ಮೇಲೆ ಕಡತವಾಗಿ ಬಂದು ಕೂರುವ ಅನುಕೂಲ ಎಲ್ಲರಿಗೂ ಸಿಗುವುದಿಲ್ಲ.

ಅರೆಕಾಲಿಕವಾಗಿ ಓದಿ ಮುಗಿಸಿದ ಓದುಗರೊಬ್ಬರ ಉತ್ತರ

ವಕೀಲರ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಸಂಜೆಯ ತರಗತಿಗಳನ್ನು ಹೇಗೋ ಸಂಭಾಳಿಸಬಹುದು. ಕೊನೆಯ ಸಂಶೋಧನಾ ಪ್ರಬಂಧ ಬಂದಾಗ ಮಾತ್ರ ಕಚೇರಿಯಿಂದ ರಜೆ ಸಿಗದಿದ್ದರೆ ಓದು ಅಲ್ಲಿಗೇ ನಿಲ್ಲುತ್ತದೆ. ಸೇರುವ ಮೊದಲೇ ಮೇಲಧಿಕಾರಿಗಳಿಂದ ಆ ರಜೆಯ ಮಾತನ್ನು ಬರಹದಲ್ಲಿ ಪಡೆದುಕೊಳ್ಳಿ.

ಇನ್ನು ಮಾನ್ಯತೆಯ ವಿಚಾರ. 1868ರಲ್ಲಿ ಲಂಡನ್ನಿನಲ್ಲಿ ಆರಂಭವಾದ, ಈಗ ರಾಯಲ್ ಇನ್‌ಸ್ಟಿಟ್ಯೂಷನ್ ಆಫ್ ಚಾರ್ಟರ್ಡ್ ಸರ್ವೇಯರ್ಸ್ ಎಂದು ಕರೆಯಲಾಗುವ, ಆಸ್ತಿ ಮೌಲ್ಯಮಾಪಕರೇ ಮೊದಲಾದವರ ವೃತ್ತಿ ಸಂಸ್ಥೆಯು ಹಲವು ದೇಶಗಳ ಕೋರ್ಸುಗಳಿಗೆ ಮಾನ್ಯತೆ ಕೊಡುತ್ತದೆ. ಬೇರೆ ವಿಷಯದ ಪದವೀಧರರು ಈ ವೃತ್ತಿಗೆ ಬರಲು ಮಾನ್ಯತೆ ಪಡೆದ ಸ್ನಾತಕೋತ್ತರ ಪದವಿ ಒಂದು ಮುಖ್ಯ ದಾರಿ. ಆದರೆ ಪದವಿ ಕೈಗೆ ಬಂದ ಕೂಡಲೇ ಸದಸ್ಯತ್ವ ಬಂದುಬಿಡುವುದಿಲ್ಲ. ಆಮೇಲೆ ಕೆಲಸದ ಅನುಭವವನ್ನು ದಾಖಲಿಸಿ, ನೀವೇ ನಿರ್ವಹಿಸಿದ ಒಂದು ಪ್ರಕರಣದ ವರದಿ ಒಪ್ಪಿಸಿ, ವೃತ್ತಿನಿರತರ ಮುಂದೆ ಸಂದರ್ಶನಕ್ಕೆ ಕೂರಬೇಕು. ಅಲ್ಲಿ ಲೆಕ್ಕದಷ್ಟೇ ವೃತ್ತಿನೀತಿಯ ಪ್ರಶ್ನೆಗಳೂ ಬರುತ್ತವೆ. ಮಾನ್ಯತೆ ಕೋರ್ಸಿಗೆ ಸಿಗುತ್ತದೆಯೇ ಹೊರತು ಇಡೀ ವಿಶ್ವವಿದ್ಯಾಲಯಕ್ಕಲ್ಲ. ಹಾಗಾಗಿ ಕರಪತ್ರದಲ್ಲಿರುವ ಮುದ್ರೆಯನ್ನು ನಂಬದೆ, ನೀವು ಸೇರಲಿರುವ ಕೋರ್ಸಿನ ಹೆಸರನ್ನೇ ವೃತ್ತಿ ಸಂಸ್ಥೆಯ ಪಟ್ಟಿಯಲ್ಲಿ ಹುಡುಕಿ. ಬೇರೆ ದೇಶದಲ್ಲಿ ಓದುವ ಯೋಚನೆಯಿದ್ದರೆ, ಮೌಲ್ಯಮಾಪನದ ವಿಧಾನಗಳು ಎಲ್ಲಿಗೆ ಹೋದರೂ ನಡೆಯುತ್ತವೆ, ಅಲ್ಲಿ ಕಲಿತ ಭೂ ಕಾನೂನು ಮಾತ್ರ ಆ ದೇಶದ ಗಡಿಯಲ್ಲೇ ನಿಲ್ಲುತ್ತದೆ ಎಂಬುದೂ ಗಮನದಲ್ಲಿರಲಿ. ಮುಂದೆ ಎಲ್ಲಿ ಕೆಲಸ ಮಾಡುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ, ಅರ್ಜಿಯನ್ನು ಆಮೇಲೆ ತುಂಬಿ.