ಅಪ್‌ಡೇಟ್: ಹ್ಯಾವ್‌ಲಾಕಲ್ಲಿ ಏನೇನ್ ಸಿಕ್ತು, ಏನ್ ಸಿಗ್ಲಿಲ್ಲ

ಹೋಗೋಕ್ ಮುಂಚೆ ಕೇಳಿದ್ನಲ್ಲ, ಅಂಡಮಾನಿನ ಹ್ಯಾವ್‌ಲಾಕಲ್ಲಿ (ಈಗ ಸ್ವರಾಜ್ ದ್ವೀಪ) ಡೈಪರ್, ಸೋಪು, ಗಿಫ್ಟ್ ಎಲ್ಲ ಸಿಗುತ್ತಾ ಇಲ್ಲಾ ಇಲ್ಲಿಂದ್ಲೇ ಹೊತ್ಕೊಂಡ್ ಹೋಗ್ಬೇಕಾ ಅಂತ. ಹೋಗ್ ಬಂದ್ವಿ.

ಸಿಗುತ್ತೆ. ಗೋವಿಂದ ನಗರದ ಮಾರ್ಕೆಟ್ಟಲ್ಲಿ ಕಿರಾಣಿ, ತರಕಾರಿ, ಔಷಧಿ ಅಂಗಡಿ ಎಲ್ಲ ಇದೆ, ಆದ್ರೆ ಸಾಮಾನು ಚೆನ್ನೈ, ಕೋಲ್ಕತ್ತಾದಿಂದ ಹಡಗಲ್ಲಿ ಪೋರ್ಟ್‌ಬ್ಲೇರಿಗೆ (ಈಗ ಶ್ರೀ ವಿಜಯಪುರಂ) ಬಂದು ಅಲ್ಲಿಂದ ಮತ್ತೆ ಇಲ್ಲಿಗೆ ಬರ್ಬೇಕು, ಹಂಗಾಗಿ ಇದ್ದಿದ್ದನ್ನ ತಗೋಬೇಕು ಅಷ್ಟೇ. ಡೈಪರ್ ನಮ್ ಸೈಜ್ ಇರ್ಲಿಲ್ಲ, ಒಂದ್ ಸೈಜ್ ದೊಡ್ಡದು ತಗೊಂಡು ಮಡಚಿ ಕಟ್ಟಿದ್ವಿ, ಮಗಳು ಬಾತುಕೋಳಿ ಥರ ನಡೀತಿದ್ಲು 😂 ಸನ್‌ಸ್ಕ್ರೀನ್, ಮಾತ್ರೆ ಮನೆಯಿಂದ್ಲೇ ಒಯ್ರಿ. ನೆಟ್‌ವರ್ಕ್ ಕೈ ಕೊಡುತ್ತೆ, ಯುಪಿಐ ನಂಬ್ಕೊಂಡು ಹೋಗ್ಬೇಡಿ, ಕ್ಯಾಶ್ ಇಟ್ಕೊಳ್ಳಿ.

ಗಿಫ್ಟ್ ವಿಷ್ಯಕ್ಕೆ ಬಂದ್ರೆ, ಒಬ್ರು ಬಂಗಾಳಿ ಅಜ್ಜಿ ಅಂಗಡೀಲಿ ತೆಂಗಿನ ಚಿಪ್ಪಿನ ದೀಪ ತಗೊಂಡೆ, ಹಳೇ ಪೇಪರ್ ಸುತ್ತಿ ಮೇಲೆ ತೆಂಗಿನ ನಾರಲ್ಲೇ ಕಟ್ಕೊಟ್ರು, ಅತ್ತೆ ಇನ್ನೂ ಅದನ್ನ ಬಿಚ್ಚಿಲ್ಲ, ಅಷ್ಟ್ ಚೆನ್ನಾಗಿದೆ ಅಂತೆ. ಸಮುದ್ರದ ಚಿಪ್ಪಿನ ಐಟಮ್ ತಗೊಂಡ್ರೆ ಬಿಲ್ ಕೇಳಿ ಇಸ್ಕೊಳ್ಳಿ, ನಾವಂತೂ ಪೋರ್ಟ್‌ಬ್ಲೇರಲ್ಲಿ ಸರ್ಕಾರದ್ದೇ ಸಾಗರಿಕಾ ಎಂಪೋರಿಯಮ್ಮಲ್ಲಿ ತಗೊಂಡ್ವಿ. ಬೀಚಲ್ಲಿ ಬಿದ್ದಿರೋ ಹವಳದ ತುಂಡು ತರೋ ಹಾಗಿಲ್ಲ, ಕಾನೂನು. ನಮ್ಮನೆಯವ್ರು ಶೂ ಒಳಗೆ ಒಂದ್ ಬಚ್ಚಿಟ್ಟಿದ್ರು, ಏರ್‌ಪೋರ್ಟ್ ಸ್ಕ್ಯಾನರಲ್ಲಿ ಸಿಕ್ಕಾಕ್ಕೊಂಡು ಎಲ್ರೆದುರಿಗೂ ಸಾಕ್ಸ್ ಸಮೇತ ತೆಗ್ಸಿದ್ರು.